ನಾಗಾಲೋಟ

ಬಂಗಾರದ ಬೆಲೆಗೆ, ಕ್ರಿಕೆಟ್ ತಂಡದ ಗೆಲುವಿಗೆ, ಷೇರುಪೇಟೆಗೆ, ನಮ್ಮ ಪತ್ರಿಕೆಗಳು ಕೊಡುವುದು ಒಂದೇ ಓಟ: ನಾಗಾಲೋಟ. ಕುದುರೆಯ ಓಟಕ್ಕೆ ಹುಟ್ಟಿದ ಮಾತಿದು; ಕುದುರೆ ಹೋಯಿತು, ಓಟ ಉಳಿಯಿತು. ನೆರೆಮನೆಯ ಹುಡುಗಿ, ಇಲ್ಲೇ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವವಳು, ಒಂದು ದಿನ ಪೇಪರು ಹಿಡಿದುಕೊಂಡೇ ಬಂದಳು. "ಮಾಮ, ನಾಗನಿಗೆ ಕಾಲುಂಟಾ? ಮತ್ತೆ ಓಡುವುದು ಹೇಗೆ?" ತಿರುಗಿದಲ್ಲೆಲ್ಲ ನಾಗಬನ ಇರುವ ಸೀಮೆಯಲ್ಲಿ ಬೆಳೆದವಳಿಗೆ ಬರಬೇಕಾದ ಸಂಶಯವೇ.

ನಾಗನಿಗೂ ಈ ಓಟಕ್ಕೂ ನೆಂಟಸ್ತಿಕೆ ಇಲ್ಲ. ನಾಲ್ಕು ನೂರು ನಾನೂರಾದ ಹಾಗೆ ನಾಲ್ಕು ಕಾಲು ನಾಗಾಲಾಯಿತು. ಅದಕ್ಕೆ ಓಟ ಸೇರಿತು, ಅಷ್ಟೆ. ನಾಲ್ಕು ಕಾಲಿನಲ್ಲಿ ಓಡುವುದೇನು ಹೆಚ್ಚುಗಾರಿಕೆ, ಬೀದಿನಾಯಿಯೂ ಹಾಗೇ ಓಡುತ್ತದಲ್ಲ ಎನ್ನಬಹುದು. ಆದರೆ ಹೆಸರಿಟ್ಟ ಪುಣ್ಯಾತ್ಮನ ಕಿವಿ ಚುರುಕಾಗಿತ್ತೆಂದು ನನ್ನ ಗುಮಾನಿ. ಸಾಧಾರಣ ಓಟದಲ್ಲಿ ಕುದುರೆ ಬಲ ಮುಂಗಾಲು ಎಡ ಹಿಂಗಾಲನ್ನು ಜೋಡಿಯಾಗಿ ಊರುತ್ತದೆ, ಆಮೇಲೆ ಇನ್ನೊಂದು ಜೋಡಿ. ಗೊರಸಿನ ಸದ್ದು ಎರಡೇ ಪೆಟ್ಟು. ಸ್ವಲ್ಪ ಬಿರುಸಾದರೆ ಮೂರು. ಲಗಾಮು ಪೂರಾ ಸಡಿಲಬಿಟ್ಟಾಗ ಮಾತ್ರ ನಾಲ್ಕು ಕಾಲೂ ಬೇರೆಬೇರೆಯಾಗಿ ನೆಲ ಮುಟ್ಟಿ ನಾಲ್ಕು ಪೆಟ್ಟು ಕೇಳಿಸುತ್ತದೆ. ಅದರ ಬೆನ್ನಿಗೇ ಒಂದು ಚೂರು ಹೊತ್ತು ಸದ್ದಿಲ್ಲ, ಏಕೆಂದರೆ ಕುದುರೆ ಗಾಳಿಯಲ್ಲಿರುತ್ತದೆ. 1878ರಲ್ಲಿ ಮೈಬ್ರಿಜ್ ಎಂಬ ಫೋಟೋಗ್ರಾಫರ್ ಅಮೆರಿಕದಲ್ಲಿ ಸಾಲಾಗಿ ಕ್ಯಾಮರಾ ಇಟ್ಟು ಇದನ್ನು ಹಿಡಿದ. ಚಿತ್ರಕಾರರು ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿಸಿ ಕುದುರೆಯನ್ನು ಹಾರಿಸುತ್ತಿದ್ದ ಕಾಲ ಅದು. ಫೋಟೋದಲ್ಲಿ ನೋಡಿದರೆ, ಹಾರುವ ಆ ಗಳಿಗೆಯಲ್ಲಿ ಕಾಲುಗಳೆಲ್ಲ ಹೊಟ್ಟೆಯ ಅಡಿಗೆ ಮಡಚಿಕೊಂಡಿವೆ!

ಸಂಸ್ಕೃತದವರು ಈ ಲೆಕ್ಕದಲ್ಲಿ ಇನ್ನೂ ಜೋರು. ಅಮರಕೋಶ ಕುದುರೆಗೆ ಐದು ನಡೆ ಹೇಳುತ್ತದೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ಕೊನೆಯದು ನಮಗೆಲ್ಲ ಪರಿಚಿತವೇ. ಹ್ರಸ್ವ, ದೀರ್ಘ, ಪ್ಲುತ ಎಂದು ವ್ಯಾಕರಣದ ಮೇಷ್ಟ್ರು ಬಾಯಿಪಾಠ ಮಾಡಿಸಿದಾಗ ಅದು ಕುದುರೆಯ ನೆಗೆತವೂ ಹೌದೆಂದು ಒಂದು ಮಾತು ಹೇಳಿದ್ದರೆ ತರಗತಿಯಲ್ಲಿ ಅಷ್ಟು ನಿದ್ದೆ ಬರುತ್ತಿರಲಿಲ್ಲ.

ಸವಾರಿಯ ಸಾಮಾನುಗಳ ಕಥೆ ಬೇರೆ. ಲಗಾಮು, ಜೀನು, ಸವಾರ ಪಾರ್ಸಿಯಿಂದ ಬಂದವು, ರಿಕಾಪು, ಲಾಳ ಅರಬ್ಬಿಯಿಂದ. ಕಡಿವಾಣ ಒಂದು ನಮ್ಮದಾಗಿ ಉಳಿಯಿತು. ಒಳ್ಳೆಯ ಕುದುರೆ ಹಡಗು ಹತ್ತಿ ಬರಬೇಕಿತ್ತಲ್ಲ! ವಿಜಯನಗರದ ಕಾಲದಲ್ಲಿ ಹೋರ್ಮುಜ್‌ನಿಂದ ಭಟ್ಕಳಕ್ಕೆ ಬಂದಿಳಿದ ಕುದುರೆಗಳು ಘಟ್ಟ ಹತ್ತಿ ಹೋದವು. ಕರಾವಳಿಯಲ್ಲಿ ನಿಂತವು ಕಡಿಮೆ. 14ನೇ ಶತಮಾನದಲ್ಲಿ ಬಸ್ರೂರು, ಬಾರ್ಕೂರುಗಳ ಮೇಲೆ ಹಾದುಹೋದ ಪ್ರವಾಸಿ ಇಬ್ನ್ ಬತೂತ ಈ ಕಡಲತೀರದ ಬಗ್ಗೆ ಬರೆಯುತ್ತಾ, ಇಲ್ಲಿ ದೊರೆಯೊಬ್ಬನನ್ನು ಬಿಟ್ಟರೆ ಯಾರೂ ಕುದುರೆ ಹತ್ತುವುದಿಲ್ಲ, ಉಳಿದವರು ಹೆಗಲ ಮೇಲಿನ ಡೋಲಿಯಲ್ಲಿ, ಇಲ್ಲವೇ ನಡೆದು ಹೋಗುತ್ತಾರೆ ಎಂದಿದ್ದಾನೆ. ಹೊಳೆ ದಾಟುತ್ತ, ಮಳೆಗಾಲದ ಕೆಸರು ತುಳಿಯುತ್ತ ಬದುಕುವ ಊರಿಗೆ ಕುದುರೆ ಯಾಕೆ? ಸಾಮಾನಿನ ಹೆಸರನ್ನು ವ್ಯಾಪಾರಿ ಕೊಟ್ಟ. ಓಟದ ಹೆಸರನ್ನು ಮಾತ್ರ, ನೋಡಿದವರೇ ಕಾಲು ಎಣಿಸಿ ಇಟ್ಟರು.

ಕೆಸರಿನಲ್ಲಿ ಓಡಲು ನಮಗೆ ಕೋಣಗಳಿವೆ. ಕಂಬಳದ ಕರೆಯಲ್ಲಿ, ಅಂದರೆ ಕೆಸರಿನ ಓಟದ ಕಣದಲ್ಲಿ, ನೀರು ಹೊಟ್ಟೆಯವರೆಗೂ ಸಿಡಿಯುವಾಗ ಕೋಣದ ನಾಲ್ಕು ಕಾಲನ್ನು ಎಣಿಸುವುದು ಯಾರಿಂದಲೂ ಸಾಧ್ಯವಿಲ್ಲ. ಅಲ್ಲಿ ಸವಾರಿ ಅನ್ನುವುದಾದರೆ ಕನೆಹಲಗೆಯದು: ಓಡಿಸುವವನು ಕೋಣಗಳ ಹಿಂದೆ ಕಟ್ಟಿದ ಮರದ ತುಂಡಿನ ಮೇಲೆ ಒಂದು ಕಾಲೂರಿ, ಒಂದು ಕೈಯಲ್ಲಿ ಕೋಣದ ಬಾಲ ಹಿಡಿದು ಹೋಗುತ್ತಾನೆ. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗಿತೋ ಇಲ್ಲವೋ ಎಂಬುದರ ಮೇಲೆ ಬಹುಮಾನ. ಜೀನಿಲ್ಲ, ರಿಕಾಪಿಲ್ಲ.

ಕಾರ್ಕಳ ಸೀಮೆ ಕುದುರೆಯನ್ನು ಪೂರ್ತಿ ಮರೆತಿಲ್ಲ, ಅನ್ನಿ. ನಂದಳಿಕೆಯಲ್ಲಿ ಹುಟ್ಟಿ, ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರಾಗಿ, 1901ರಲ್ಲಿ ಎಳೆಯ ವಯಸ್ಸಿಗೇ ತೀರಿಕೊಂಡ ಮುದ್ದಣ ಬರೆದದ್ದು 'ಶ್ರೀರಾಮಾಶ್ವಮೇಧ'. ಅಲ್ಲೇ ಹತ್ತಿರದ ಮಿಯ್ಯಾರಿನ ಜೋಡುಕರೆ ಕಂಬಳಕ್ಕೆ ಲವ-ಕುಶರ ಹೆಸರು. ರಾಮನ ಕುದುರೆಯನ್ನು ಕಟ್ಟಿಹಾಕಿದ ಹುಡುಗರ ಹೆಸರಿನ ಕರೆಗಳಲ್ಲಿ ವರ್ಷವರ್ಷವೂ ಕೋಣಗಳು ಓಡುತ್ತವೆ. ಮರುದಿನ ಪೇಪರಿನಲ್ಲಿ ಅದಕ್ಕೂ ನಾಗಾಲೋಟವೆಂದೇ ಬರೆದರೆ ನನ್ನ ತಕರಾರಿಲ್ಲ. ಬಂಗಾರದ ಬೆಲೆಗಿಂತ ಕೋಣಕ್ಕೆ ಆ ಹಕ್ಕು ಹೆಚ್ಚು, ಅದಕ್ಕೆ ಕಾಲಾದರೂ ನಾಲ್ಕಿವೆ.