ಕೂಡಿದವರ ಪಾಲು

ಶಿರಾ ಸೀಮೆಯಲ್ಲಿ ಇಬ್ಬರು ರೈತರು ಜಗಳವಾಡುತ್ತಿದ್ದರೆ, ಅದು ನೀರಿನ ಜಗಳವೆಂದು ದಾರಿಹೋಕನೂ ಊಹಿಸಬಲ್ಲನು. ಮಳೆ ಕಡಿಮೆ, ಕಡಲೆಕಾಯಿಯೂ ರಾಗಿಯೂ ಮುಗಿಲನ್ನು ನಂಬಿ ಬೆಳೆಯತಕ್ಕವು. ಮುಗಿಲು ಕೈಕೊಟ್ಟಾಗ ರೈತನು ಸಾಲಮಾಡಿ ಕೊಳವೆಬಾವಿ ಕೊರೆಯಿಸುವನು. ಅದರಲ್ಲಿ ನೀರು ಕಂಡರೆ ನೆರೆಯವನು ಇನ್ನೂ ಆಳಕ್ಕೆ ಕೊರೆಯಿಸುವನು. ನೆಲದೊಳಗಿನ ನೀರಿಗೆ ಬದುವಿಲ್ಲವಷ್ಟೆ. ಎರಡು ಬಾವಿಗಳೂ ಒಂದೇ ಸೆಲೆಯನ್ನು ಹೀರಿ ಬತ್ತುವುವು. ಸಾಲವೊಂದು ಮಾತ್ರ ಇಬ್ಬರಿಗೂ ಬೇರೆಬೇರೆಯಾಗಿ ಉಳಿಯುವುದು. ಕೂಡಿ ಒಂದನ್ನೇ ಕೊರೆಯಿಸಬಾರದಿತ್ತೇ ಎಂದು ಪಟ್ಟಣದವರು ಕೇಳುವರು. ಕೇಳುವುದು ಸುಲಭ. ಕೂಡುವುದು ನಮ್ಮ ನಾಡಿನ ರೈತನಿಗೆ ಹೊಸದಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಪತ್ತಿನ ಸಹಕಾರ ಸಂಘವನ್ನು ತೆರೆದುದು 1905ರಲ್ಲಿ. ಮೈಸೂರು ಸಂಸ್ಥಾನವು ಸಹಕಾರ ಸಂಘಗಳ ಶಾಸನವನ್ನು ಮಾಡಿದುದೂ ಅದೇ ವರ್ಷ. ಕೂಡಿದ ಮೇಲೆ ಪಾಲುಮಾಡುವ ಹೊತ್ತಿಗೆ ರೈತನು ಹೆದರುವನು.

ಈ ಪಾಲಿನ ಪ್ರಶ್ನೆಗೇ ಮೀಸಲಾದ ಗಣಿತವೊಂದುಂಟು. ಸಹಕಾರ ಕ್ರೀಡಾಸಿದ್ಧಾಂತವೆಂದು ಅದನ್ನು ಕರೆಯಬಹುದು. ಹೆಸರಿನಲ್ಲಿ ಆಟವಿದ್ದರೂ ವಿಷಯ ವಿನೋದದ್ದಲ್ಲ. 1944ರಲ್ಲಿ ವಾನ್ ನ್ಯೂಮನ್, ಮಾರ್ಗೆನ್‌ಸ್ಟರ್ನ್ ಎಂಬಿಬ್ಬರು ತಮ್ಮ ಗ್ರಂಥದಿಂದ ಅದಕ್ಕೆ ತಳಹದಿ ಹಾಕಿದರು. 1953ರಲ್ಲಿ ಲಾಯ್ಡ್ ಶಾಪ್ಲಿ ಎಂಬ ಅಮೆರಿಕದ ಗಣಿತಜ್ಞನು ಪಾಲುಮಾಡುವ ಸೂತ್ರವೊಂದನ್ನು ಕೊಟ್ಟನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ನರಹರಿಯವರೂ ಅವರ ಸಂಗಡಿಗರೂ ಕ್ರೀಡಾಸಿದ್ಧಾಂತವನ್ನು, ರೈತರ ಕೂಟವು ಬೀಜಗೊಬ್ಬರಗಳನ್ನು ಒಟ್ಟಾಗಿ ಕೊಳ್ಳುವ ಹರಾಜಿಗೆ ಅನ್ವಯಿಸಿ ನೋಡಿರುವರು.

ಶಾಪ್ಲಿಯ ತಿರುಳನ್ನು ಹೊಲದ ಬದುವಿನ ಮೇಲೆ ಕುಳಿತೇ ವಿವರಿಸಬಹುದು. ಮೂವರು ಸೇರಿ ಒಂದು ಬಾವಿ ಕೊರೆಯಿಸಿದರೆಂದೂ, ಅವರ ಹೊಲಗಳು ಬಾವಿಯಿಂದಾಚೆಗೆ ಒಂದರ ಹಿಂದೊಂದು ಸಾಲಾಗಿರುವುವೆಂದೂ ಇಟ್ಟುಕೊಳ್ಳಬೇಕು. ಮೊದಲನೆಯ ಹೊಲದವರೆಗೆ ಪೈಪು ಹಾಕಲು 3,000 ರೂಪಾಯಿ, ಅಲ್ಲಿಂದ ಎರಡನೆಯದಕ್ಕೆ 6,000, ಅಲ್ಲಿಂದ ಮೂರನೆಯದಕ್ಕೆ 9,000, ಒಟ್ಟು 18,000. ಸಮಪಾಲೇ ನ್ಯಾಯವೆಂದು ತಲೆಗೆ 6,000 ಹಾಕಿದರೆ ಮೊದಲಿನವನು ಎದ್ದು ಹೋಗುವನು. ಒಬ್ಬನೇ ಹಾಕಿಕೊಂಡರೆ ಅವನಿಗೆ 3,000ದಲ್ಲಿ ಮುಗಿಯುವುದು. ಅವನು ಹೋದಮೇಲೆ ಉಳಿದವರಿಗೆ ತಲೆಗೆ 9,000, ಎರಡನೆಯವನಿಗೆ ಕೂಡಿದ್ದರಿಂದ ಬಿಡಿಗಾಸಿನ ಲಾಭವಿಲ್ಲ, ಅವನೂ ಏಳುವನು. ಕೂಟ ಮುರಿಯಿತು. ಶಾಪ್ಲಿಯ ಲೆಕ್ಕದಂತೆ, ಪೈಪಿನ ಒಂದೊಂದು ತುಂಡಿನ ವೆಚ್ಚವನ್ನೂ ಆ ತುಂಡು ಯಾರಾರಿಗೆ ಬೇಕೋ ಅವರಷ್ಟೇ ಸಮನಾಗಿ ಹೊರಬೇಕು. ಆಗ ಮೊದಲಿನವನಿಗೆ 1,000, ಎರಡನೆಯವನಿಗೆ 4,000, ಕೊನೆಯವನಿಗೆ 13,000 ಬೀಳುವುದು. ಕೊನೆಯವನು ಮೊತ್ತವನ್ನು ಕೇಳಿ ಹೌಹಾರಬಹುದು. ಒಬ್ಬನೇ ಹಾಕಿಸಿದ್ದರೆ ಅವನಿಗೆ 18,000 ತಗಲುತ್ತಿದ್ದಿತು. ಮೂವರಲ್ಲಿ ಯಾರಿಗಾಗಲಿ, ಯಾವ ಇಬ್ಬರಿಗಾಗಲಿ, ಬೇರೆ ಹೋದರೆ ನಷ್ಟವೇ.

ಆದರೆ ಈ ಸೂತ್ರದಲ್ಲಿ ಕಟುವಾದ ನಿಯಮವೊಂದುಂಟು: ಕೂಟದ ಲಾಭವನ್ನು ಕಿಂಚಿತ್ತೂ ಹೆಚ್ಚಿಸದವನ ಪಾಲು ಸೊನ್ನೆ. ಇದನ್ನು ಓದುವಾಗ ಕೆರೆಯೂರುಗಳಲ್ಲಿದ್ದ ಹಳೆಯ ದಾಮಾಷಾ ಪದ್ಧತಿ ನೆನಪಿಗೆ ಬರುವುದು. ಕೆರೆ ಅರೆ ತುಂಬಿದ ವರ್ಷ ಅಚ್ಚುಕಟ್ಟಿಗೆಲ್ಲ ನೀರು ಸಾಲದು. ಆಗ ತೂಬಿನ ಹತ್ತಿರದ ನೆಲವನ್ನಷ್ಟೇ ಸಾಗುವಳಿಗೆ ಆರಿಸಿ, ಅದನ್ನು ಅಚ್ಚುಕಟ್ಟಿನ ಎಲ್ಲ ಒಡೆಯರಿಗೂ ಅವರವರ ಹಿಡುವಳಿಗೆ ತಕ್ಕಂತೆ ಆ ಬೆಳೆಯ ಮಟ್ಟಿಗೆ ಹಂಚುತ್ತಿದ್ದರು. ಕೊನೆಯಂಚಿನ ರೈತನು ಆ ವರ್ಷ ಕೂಟಕ್ಕೆ ತಂದುದೇನು? ಏನೂ ಇಲ್ಲ. ಆದರೂ ತೂಬಿನ ಬಳಿಯ ಒಡೆಯನು ತನ್ನ ನೆಲದಲ್ಲಿ ಅವನಿಗೆ ಎಡೆಗೊಡುತ್ತಿದ್ದನು. ಅವನನ್ನು ಧರ್ಮಾತ್ಮನೆಂದು ತಿಳಿಯಬೇಕಾಗಿಲ್ಲ. ಹೂಳೆತ್ತುವಾಗ, ಏರಿ ಬಿರಿದಾಗ, ನಡುರಾತ್ರಿಯಲ್ಲಿ ಗುದ್ದಲಿ ಹಿಡಿದು ಬರಬೇಕಾದವರಲ್ಲಿ ಕೊನೆಯಂಚಿನವನೂ ಒಬ್ಬನೆಂಬುದನ್ನು ಅವನು ಬಲ್ಲನು. ಒಂದು ಬೆಳೆಯ ಲೆಕ್ಕಕ್ಕೂ ಹತ್ತು ವರ್ಷದ ಲೆಕ್ಕಕ್ಕೂ ಇರುವ ಅಂತರವನ್ನು ಆ ಊರವರು ಯಾವ ಗ್ರಂಥವನ್ನೂ ಓದದೆ ಕಂಡುಕೊಂಡಿದ್ದರು.

ಕೊಳವೆಬಾವಿಗೆ ಏರಿಯಿಲ್ಲ, ಹೂಳಿಲ್ಲ, ನೀರುಗಂಟಿಯಿಲ್ಲ. ಅದಕ್ಕಿರುವುದು ಬತ್ತುವ ಭಯವೊಂದೇ. ಬರಿದಾದ ಬಾವಿಯ ಸಾಲ ಯಾರ ತಲೆಗೆ ಎಷ್ಟು ಎಂಬುದನ್ನು, ಕೊರೆಯುವ ಯಂತ್ರ ಹೊಲಕ್ಕೆ ಬರುವ ಮೊದಲೇ ಕಾಗದದಲ್ಲಿ ಬರೆದಿಡಬೇಕು. ಪೈಪಿನ 13,000ಕ್ಕೆ ಒಪ್ಪಿದ ಮೂರನೆಯ ಹೊಲದವನು ಮುಂದೆ ಕೇಳತಕ್ಕ ಪ್ರಶ್ನೆ ಅದೇ.