ಕರಿಮಣಿ ತೆಗೆದಿಡಿ

ನಾನು ಓದಿದ್ದು ಬಿ.ಎ., ಬಿ.ಎಡ್. ಕನ್ನಡ, ಸಮಾಜ ಪಾಠ ಮಾಡಿಕೊಂಡೇ ತಲೆ ನರೆತವಳು. ಕಳೆದ ವರ್ಷ ವಿಜ್ಞಾನದ ಮೇಡಂ ಹೆರಿಗೆ ರಜೆ ಹಾಕಿದಾಗ ಅವರ ಪಿರಿಯಡ್ಡುಗಳನ್ನು ಒಂದು ವಾರ ನನ್ನ ತಲೆಗೆ ಕಟ್ಟಿದರು. ಪಾಠ ಯಾವುದು ಅಂತೀರಿ? ವಿದ್ಯುತ್ಕಾಂತೀಯ ಅಲೆಗಳು. ಹೆಸರು ಕೇಳಿದರೇ ಶಾಕ್ ಹೊಡೆಯುವಂತಿತ್ತು.

ರಾತ್ರಿ ಪಾತ್ರೆ ತೊಳೆದಿಟ್ಟು ಪುಸ್ತಕ ಹಿಡಿದು ಕೂತೆ. ರೇಡಿಯೋ ಅಲೆ, ಮೈಕ್ರೋವೇವ್, ಅವಕೆಂಪು, ಕಣ್ಣಿಗೆ ಕಾಣುವ ಬೆಳಕು, ಅತಿನೇರಳೆ, ಕ್ಷ-ಕಿರಣ, ಗಾಮಾ - ಏಳೂ ಒಂದೇ ತಾಯಿಯ ಮಕ್ಕಳಂತೆ. ಓಟದಲ್ಲಿ ಎಲ್ಲ ಸಮ. ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ವ್ಯತ್ಯಾಸ ಹೆಜ್ಜೆಯ ಉದ್ದದಲ್ಲಿ. ಹೆಜ್ಜೆ ಚಿಕ್ಕದಾದಷ್ಟೂ ಶಕ್ತಿ ಹೆಚ್ಚು. (ನಮ್ಮ ಅತ್ತೆಯವರ ಹೆಜ್ಜೆಯೂ ಚಿಕ್ಕದೇ ಇತ್ತು.)

1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ಬಾನುಲಿ ನಿಲಯ ತೆರೆದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು ಎಂದು ನೆನಪಾಗಿ ನನಗೂ ಧೈರ್ಯ ಬಂತು. ಮರುದಿನ ಟಿವಿ ರಿಮೋಟನ್ನೇ ಶಾಲೆಗೆ ಒಯ್ದೆ. ಗುಂಡಿ ಒತ್ತಿದರೆ ಕಣ್ಣಿಗೇನೂ ಕಾಣದು. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ಅದರ ತುದಿ ಮಿಣಮಿಣ ಎನ್ನುತ್ತದೆ. ಅದು ಅವಕೆಂಪು. ಮಕ್ಕಳು ಬೆಂಚು ಹತ್ತಿ ನಿಂತರು. ಮೈಕ್ರೋವೇವ್ ಒಲೆಯ ಬಾಗಿಲಿನ ಜಾಲರಿಯ ಗುಟ್ಟನ್ನೂ ಹೇಳಿದೆ: ಒಳಗಿನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಆ ಪುಟ್ಟ ತೂತುಗಳಲ್ಲಿ ತೂರಲಾರದು, ಬೆಳಕು ತೂರುತ್ತದೆ. ಅದಕ್ಕೇ ಅನ್ನ ಬಿಸಿಯಾಗುವುದು ಕಾಣುತ್ತದೆ, ನಮ್ಮ ಮುಖ ಬಿಸಿಯಾಗುವುದಿಲ್ಲ.

ಕ್ಷ-ಕಿರಣದ ಪುಟಕ್ಕೆ ಬಂದಾಗ ಮಾತ್ರ ಗಂಟಲು ಕಟ್ಟಿತು. ಮೂರು ವಾರದ ಹಿಂದೆ ಸ್ನಾನ ಮಾಡುವಾಗ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತು. ಯಾರಿಗೂ ಹೇಳಿರಲಿಲ್ಲ. ಮಗಳ ಪರೀಕ್ಷೆ, ನಮ್ಮ ಮನೆಯವರ ಬಿ.ಪಿ., ಹಬ್ಬ - ನೆಪಗಳಿಗೇನು, ನಮಗೆ ಬೇಕಾದಷ್ಟು.

ರಾಂಟ್‌ಜೆನ್ 1895ರ ಡಿಸೆಂಬರಿನಲ್ಲಿ ತೆಗೆದ ಹೆಂಡತಿಯ ಕೈಯ ಚಿತ್ರ ತೋರಿಸಿದೆ. ಬರೀ ಮೂಳೆ, ಬೆರಳಲ್ಲಿ ಉಂಗುರದ ಕಪ್ಪು ಗುರುತು. ಮೂಳೆಯ ಸುಣ್ಣದಂಶ ಕಿರಣವನ್ನು ತಡೆಯುತ್ತದೆ, ಮಾಂಸ ಹೆಚ್ಚುಪಾಲು ಬಿಟ್ಟುಕೊಡುತ್ತದೆ ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, “ಒಳಗೇನಿದೆ ಅಂತ ನೋಡ್ಕೊಳ್ಳೋಕೆ ಅವರಿಗೆ ಹೆದರಿಕೆ ಆಗ್ಲಿಲ್ವಾ ಮೇಡಂ?” ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ರಾತ್ರಿ ಮನೆಯವರಿಗೆ ಹೇಳಿದೆ. ಬೆಳಿಗ್ಗೆ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತಿದೆವು. “ಕರಿಮಣಿ ತೆಗೆದಿಡಿ” ಎಂದಳು ಮ್ಯಾಮೋಗ್ರಾಮ್ ಕೋಣೆಯ ಹುಡುಗಿ. ಮದುವೆಯಾದಂದಿನಿಂದ ತೆಗೆದವಳಲ್ಲ, ಕೈ ನಡುಗಿತು. ಎರಡು ತಟ್ಟೆಗಳ ನಡುವೆ ಒತ್ತುತ್ತಾರೆ, ನೋಯುತ್ತದೆ. ಹಾಗೆ ಒತ್ತಿದರೇ ಕಡಿಮೆ ಕಿರಣದಲ್ಲಿ ಚಿತ್ರ ಸ್ಪಷ್ಟವಾಗಿ ಬರುವುದಂತೆ. ಆಮೇಲೆ ಸ್ಕ್ಯಾನಿಂಗ್. “ಇದೂ ಕಿರಣವೇ ತಾನೆ?” ಎಂದೆ, ಪಾಠ ಮಾಡಿದ ಜಂಬದಲ್ಲಿ. “ಅಲ್ಲಮ್ಮಾ, ಇದು ಶಬ್ದ” ಎಂದರು ಡಾಕ್ಟರು. ತರಗತಿಯಲ್ಲಿ ಅದನ್ನೂ ಕಿರಣದ ಪಟ್ಟಿಗೇ ಸೇರಿಸಿಬಿಟ್ಟಿದ್ದೆ! ಮರುದಿನ ಮಕ್ಕಳ ಮುಂದೆ ತಪ್ಪೊಪ್ಪಿಕೊಂಡು ಅಳಿಸಿದೆ.

ಸೂಜಿ ಪರೀಕ್ಷೆಯ ವರದಿ ಬರಲು ನಾಲ್ಕು ದಿನ. ಕೆಟ್ಟ ಗಂಟಲ್ಲ ಎಂದು ಬಂತು. ಮೂರು ವಾರ ಸುಮ್ಮನಿದ್ದುದಕ್ಕೆ ಡಾಕ್ಟರು ಬೈದರು, ಬೈಸಿಕೊಂಡೆ.

ಹೊರಗೆ ಬೆಂಚಿನಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬರು ಕೂತಿದ್ದರು. ತಲೆಗೆ ಸೆರಗು. “ನಂಗೆ ಕರೆಂಟ್ ಕೊಡ್ತಾರಂತೆ ಕಣ್ರೀ. ಸುಡುತ್ತಾ?” ಎಂದು ಮೆಲ್ಲಗೆ ಕೇಳಿದರು. ಕೈಯಲ್ಲಿದ್ದ ವರದಿಯನ್ನು ಬ್ಯಾಗಿನೊಳಗೆ ತುರುಕಿದೆ. ಅದು ಕರೆಂಟಲ್ಲ, ಎಕ್ಸ್‌ರೇಯ ಜಾತಿಯದೇ, ಆದರೆ ಶಕ್ತಿ ಬಹಳ ಹೆಚ್ಚು. ಕೊಡುವಾಗ ನೋಯುವುದಿಲ್ಲ, ದಿನ ಕಳೆದಂತೆ ಚರ್ಮ ಕೆಂಪಾಗಿ ಉರಿಯಬಹುದು, ಆಗ ಡಾಕ್ಟರಿಗೆ ಹೇಳಿ ಎಂದೆ. ತಿಳಿದಿದ್ದು ಅಷ್ಟೇ. ಅಷ್ಟರಲ್ಲಿ ಒಳಗಿಂದ ಅವರ ಹೆಸರು ಕೂಗಿದರು. ಎದ್ದವರು ಕತ್ತಿನಿಂದ ಕರಿಮಣಿ ತೆಗೆದು, “ಬರೋವರೆಗೂ ಹಿಡ್ಕೊಂಡಿರ್ತೀರಾ?” ಎಂದು ನನ್ನ ಅಂಗೈಗಿಟ್ಟು ಹೋದರು.