ಎಡಗಾಲಿನ ಪಾಠ

ಯಾದಗಿರಿಯಿಂದ ಹೊರಟ ಬಸ್ಸು ಭೀಮೆಯನ್ನು ದಾಟಿ ಶಹಾಪುರವನ್ನು ಸಮೀಪಿಸುವಾಗ ಪ್ರಯಾಣಿಕರ ದೃಷ್ಟಿ ತಾನಾಗಿ ಕಿಟಕಿಯತ್ತ ಹೊರಳುವುದು. ಅಲ್ಲಿ ಬೆಟ್ಟವೇ ಮಲಗಿದ ಬುದ್ಧನ ಆಕೃತಿಯನ್ನು ತಾಳಿದೆ. ಅಲ್ಲಿಂದ ಮುಂದೆ ಸುರಪುರ: 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ ರಾಜಾ ವೆಂಕಟಪ್ಪ ನಾಯಕನ ಊರು. ಗುಡ್ಡದ ಮೇಲಿರುವ ಮೆಡೋಸ್ ಟೇಲರನ ಬಂಗಲೆಯನ್ನು ನೋಡಿ ಇಳಿದು ಬರುತ್ತಿದ್ದ ನನ್ನನ್ನು ಒಂದು ಬಯಲು ಹಿಡಿದು ನಿಲ್ಲಿಸಿತು.

ಹುಡುಗರು ಬರಿಗಾಲಿನಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಗೋಲಿನೆದುರು ಒಬ್ಬನ ಎಡಗಾಲಿಗೇ ಚೆಂಡು ಬಂದಿತು. ಅವನು ಅದನ್ನು ಬಲಕ್ಕೆ ತಿರುಗಿಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬನು ಕಸಿದುಕೊಂಡನು.

“ಹಾಗೆಯೇ ಹೊಡೆಯಬಾರದಿತ್ತೇನಪ್ಪಾ?” ಎಂದೆನು.

“ಎಡಗಾಲ್ಲೆ ಬರಂಗಿಲ್ರಿ ಸರ.”

ನನಗೆ ಎಸ್. ಎ. ರಹೀಮರ ನೆನಪಾಯಿತು. ಈ ಸೀಮೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆ ರಾಜಧಾನಿಯ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದನ್ನು ಪಳಗಿಸಿದ ರಹೀಮರು ವೃತ್ತಿಯಿಂದ ಶಾಲಾ ಉಪಾಧ್ಯಾಯರು. ಬಲವಿಲ್ಲದ ಕಾಲಿನಿಂದಲೇ ಚೆಂಡನ್ನು ಒದೆಯಬೇಕೆಂಬ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವರ ಭಾರತ ತಂಡ ಯುಗೊಸ್ಲಾವಿಯಕ್ಕೆ 10–1ರಿಂದ ಸೋತಿತು; ನಮ್ಮವರಲ್ಲಿ ಅನೇಕರು ಬರಿಗಾಲಿನವರು. ಅದೇ ಗುರುವಿನ ಕೈಕೆಳಗೆ, ನಾಲ್ಕೇ ವರ್ಷಗಳಲ್ಲಿ, ಭಾರತ ಮೆಲ್ಬರ್ನಿನಲ್ಲಿ ಉಪಾಂತ್ಯವನ್ನು ತಲುಪಿತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಾಗ ಅವರು ಕ್ಯಾನ್ಸರಿನಿಂದ ಬಳಲುತ್ತಿದ್ದರು. ಮರುವರ್ಷವೇ ತೀರಿಕೊಂಡರು.

ಇದಿಷ್ಟನ್ನೂ ಹುಡುಗರಿಗೆ ಹೇಳಿದೆನು. “ನಿಮ್ಮ ಕ್ಲಬ್ಬಿನ ಹೆಸರೇನು?”

“ಹೆಸರ ಇನ್ನಾ ಇಟ್ಟಿಲ್ರಿ.”

ಹೆಸರು ನಿಧಾನವಾಗಿ ಬರಲಿ. ಮೊದಲು ಹತ್ತು ನಿಮಿಷ ಎಲ್ಲರೂ ಎಡಗಾಲಿನಲ್ಲಿಯೇ ಆಡಿರೆಂದೆನು. ಆಮೇಲಿನ ನೋಟವನ್ನು ಏನೆಂದು ಬಣ್ಣಿಸಲಿ! ಬಿದ್ದವರೆಷ್ಟೋ, ಗಾಳಿಗೆ ಒದ್ದವರೆಷ್ಟೋ. ಕೊನೆಗೆ, ಮೊದಲು ಎಡವಿದ್ದವನೇ ತಡವರಿಸುತ್ತ ಒಂದು ಗೋಲನ್ನು ಹೊಡೆದನು.

ಮರಳಿ ಬರುವಾಗ ಬಸ್ಸಿನಲ್ಲಿ ನನ್ನ ತರಗತಿಯೇ ಕಣ್ಣೆದುರು ನಿಂತಿತು. ಚೆನ್ನಾಗಿ ಓದಬಲ್ಲ ನಾಲ್ವರನ್ನೇ ಎಬ್ಬಿಸಿ ಕಾವ್ಯವನ್ನು ಓದಿಸುತ್ತ, ಹಿಂದಿನ ಬೆಂಚಿನವರನ್ನು ‘ಬಾರದವರು’ ಎಂದು ಬಿಟ್ಟು ನಡೆದ ವರ್ಷಗಳೆಷ್ಟು! ಅದು ನನ್ನ ಎಡಗಾಲು. ಸೋಮವಾರ ಪಾಠವನ್ನು ಹಿಂದಿನ ಬೆಂಚಿನಿಂದ ಆರಂಭಿಸಬೇಕೆಂದುಕೊಂಡೆನು. ಹೊರಗೆ ಕತ್ತಲಾಗಿತ್ತು, ಶಹಾಪುರದ ಬುದ್ಧನು ಮಾತ್ರ ಎಂದಿನಂತೆ ಮಲಗಿಯೇ ಇದ್ದನು.